ಗಾಳಿ ಇಲ್ಲದ ರೇಡಿಯೇಟರು

ನನ್ನ ದೊಡ್ಡ ರೆಂಚು ಇನ್ನೂ ಪೊಲೀಸರ ಹತ್ರಾನೇ ಇದೆ. ಕೇಸು ಮುಗಿಯೋ ತನಕ ವಾಪಸ್ ಕೊಡೋಲ್ಲವಂತೆ. ಇಟ್ಕೊಳ್ಳಲಿ ಬಿಡಿ, ನನಗೇನೂ ಬೇಜಾರಿಲ್ಲ. ಅದನ್ನ ಎತ್ತಿದ್ದಕ್ಕೂ ಬೇಜಾರಿಲ್ಲ. ಎರಡನೇ ಸಲ ಎತ್ತಿದಾಗ ನನ್ನ ಕೈಗೆ ತಡೆ ಬಿತ್ತಲ್ಲ, ಅದನ್ನ ನೆನೆಸ್ಕೊಂಡು ಒಂದೊಂದು ದಿನ ಈಗಲೂ ಹಲ್ಲು ಕಡೀತೀನಿ.

ನಾನು ಮಂಡ್ಯ ಕಡೆಯೋಳು. ಇವಳಿಗೆ ಕೋಪ ಮೂಗಿನ ತುದೀಲೇ ಕೂತಿರುತ್ತೆ ಅಂತ ನಮ್ಮಮ್ಮ ಅನ್ನೋರು. ಟೊರಾಂಟೋಗೆ ಬಂದು, ಮಕ್ಕಳನ್ನ ಸಾಕಿ, ಅವರು ರೆಕ್ಕೆ ಬಲಿತು ಬೇರೆ ಬೇರೆ ಊರು ಸೇರ್ಕೊಂಡ್ರೂ ಕೋಪ ಮಾತ್ರ ಮೂಗು ಬಿಟ್ಟು ಇಳಿದಿಲ್ಲ. ನಮ್ಮೆಜಮಾನ್ರು ಇದಕ್ಕೆ ತದ್ವಿರುದ್ಧ. ಮೈಸೂರಿನವರು, ಸಮಾಧಾನದ ಮನುಷ್ಯ. ನಾರ್ತ್ ಯಾರ್ಕಿನಲ್ಲಿ ಆಫೀಸು, ಮೆಕ್ಯಾನಿಕಲ್ ಇಂಜಿನಿಯರ್ ಅಂತ ಕಾರ್ಡ್ ಮೇಲೆ ಬರ್ಕೊಂಡಿದ್ದಾರೆ. ಮನೇಲಿ ಬಲ್ಬು ಹೋದ್ರೆ ಮಾತ್ರ ನನ್ನನ್ನೇ ಕೂಗ್ತಾರೆ.

ನಮ್ಮದು, ನಮ್ಮ ದೇಶದವರ ಅಂಗಡಿಗಳಿರೋ ಜೆರಾರ್ಡ್ ಬಜಾರಿಗೆ ನಡ್ಕೊಂಡು ಹೋಗೋ ದೂರದಲ್ಲಿರೋ ಹಳೇ ಇಟ್ಟಿಗೆ ಮನೆ. ಹೊಸ ಮನೆಗಳ ಹಾಗೆ ಬಿಸಿಗಾಳಿ ಊದೋ ಯಂತ್ರ ಇಲ್ಲ. ಬೇಸ್‌ಮೆಂಟಲ್ಲಿ ಒಂದು ಬಾಯ್ಲರ್ ಇದೆ, ಅದು ನೀರು ಕಾಯಿಸುತ್ತೆ. ಪಂಪು ಆ ಬಿಸಿನೀರನ್ನ ಪೈಪಲ್ಲಿ ಮನೆಯೆಲ್ಲ ಸುತ್ತಿಸುತ್ತೆ. ಪ್ರತಿ ಕೋಣೇಲೂ ಕಿಟಕಿ ಕೆಳಗೆ ಬೀಡುಕಬ್ಬಿಣದ ರೇಡಿಯೇಟರು, ಪಕ್ಕೆಲುಬು ಬಿಟ್ಟುಕೊಂಡು ನಿಂತಿರುತ್ತೆ. ಇದರ ರೋಗ ಒಂದೇ. ಬೇಸಿಗೆಯಲ್ಲಿ ಸುಮ್ನೆ ಬಿದ್ದಿರೋ ನೀರಲ್ಲಿ ಗಾಳಿ ಸೇರ್ಕೊಂಡು ರೇಡಿಯೇಟರಿನ ನೆತ್ತೀಲಿ ಹೋಗಿ ಕೂತುಬಿಡುತ್ತೆ. ಆಮೇಲೆ ಕೆಳಗಡೆ ಸುಡುತ್ತೆ, ಮೇಲ್ಗಡೆ ಹೆಣದ ಹಾಗೆ ತಣ್ಣಗಿರುತ್ತೆ, ಒಳಗೆ ಅಜೀರ್ಣ ಆದವರ ಹೊಟ್ಟೆ ಥರ ಗುಳುಗುಳು ಅನ್ನುತ್ತೆ. ನಮ್ಮಪ್ಪನ ಗದ್ದೆ ಪಂಪ್‌ಸೆಟ್ಟಿಗೂ ಇದೇ ಕಾಯಿಲೆ. ಗಾಳಿ ಹಿಡಿದ್ರೆ ಮೋಟಾರು ಬೊಬ್ಬೆ ಹೊಡೀತಿತ್ತೇ ಹೊರತು ಹನಿ ನೀರು ಬರ್ತಿರಲಿಲ್ಲ. ಅಪ್ಪನ ಜೊತೆ ಅದರ ಗಾಳಿ ಬಿಡಿಸಿ ಬೆಳೆದವಳು ನಾನು, ಹಾಗಾಗಿ ಇಲ್ಲೂ ಅದು ನನ್ನ ಪಾಲಿಗೇ ಬಂತು. ಚಳಿ ಶುರುವಾಗೋ ಮುಂಚೆ ಒಂದು ಹಿತ್ತಾಳೆ ಕೀಲಿ, ಒಂದು ಹಳೇ ಲೋಟ, ಒಂದು ಬಟ್ಟೆ ತಗೊಂಡು ಒಂದೊಂದೇ ರೇಡಿಯೇಟರಿನ ಕಿವಿ ಹಿಂಡ್ಕೊಂಡು ಬರ್ತೀನಿ. ಕೀಲಿ ತಿರುಗಿಸಿದ್ರೆ ಉಸ್ಸ್ ಅಂತ ಗಾಳಿ ಬರುತ್ತೆ, ಆಮೇಲೆ ಕೆಮ್ಮಿ ಕೆಮ್ಮಿ ಕರೀ ನೀರು ಉಗುಳುತ್ತೆ, ಆಮೇಲೆ ನೀರು ಒಂದೇ ಧಾರೆಯಾಗಿ ಬರುತ್ತೆ. ಆಗ ಮುಚ್ಚಬೇಕು. ಇಷ್ಟೇ ಕೆಲಸ.

ನನ್ನ ಮನೆಯ ಪೈಪಿನ ಶಬ್ದ ನನಗೆ ಗೊತ್ತು. ಬಿಸಿಯಾಗುವಾಗ ಟಿಕ್ ಟಿಕ್ ಅನ್ನುತ್ತೆ. ಗಾಳಿ ಇದ್ರೆ ಗುಳುಗುಳು. ಇವೆರಡು ಬಿಟ್ರೆ ಇನ್ನೊಂದು ಶಬ್ದ ಆ ಮನೇಲಿ ಇರಲಿಲ್ಲ, ಆ ಗಂಡ ಹೆಂಡತಿ ಬರೋ ತನಕ.

ಅವರಿಬ್ಬರು ಬೇಸ್‌ಮೆಂಟಲ್ಲಿ ಬಾಯ್ಲರ್ ಕೋಣೆ ಬಿಟ್ಟು ಉಳಿದ ಭಾಗಕ್ಕೆ ಬಾಡಿಗೆಗೆ ಬಂದಿದ್ದು ಬೇಸಿಗೆಯಲ್ಲಿ. ಬಜಾರಿನ ಅಂಗಡೀಲಿ ನಮ್ಮೆಜಮಾನ್ರು ಕರಿಬೇವು ಆರಿಸ್ತಾ ಇದ್ದಾಗ ಹಿಂದಗಡೆ ಕನ್ನಡ ಕೇಳಿಸ್ತಂತೆ. ಅಷ್ಟು ಸಾಕಾಯ್ತು ನೋಡಿ. ಮನೆಗೆ ಕರ್ಕೊಂಡೇ ಬಂದ್ರು. ಹುಡುಗ ಬೆಂಗಳೂರಿನವನು, ಸಾಫ್ಟ್‌ವೇರು, ಎತ್ತರಕ್ಕೆ ಚೆನ್ನಾಗಿದ್ದ. ಬಾಗಿಲಲ್ಲೇ ಬಗ್ಗಿ ಇಬ್ಬರ ಕಾಲೂ ಮುಟ್ಟಿದ. "ಆಂಟಿ, ನಿಮ್ಮನ್ನ ನೋಡಿದ್ರೆ ನಮ್ಮಮ್ಮನ್ನೇ ನೋಡಿದಂಗೆ ಆಗುತ್ತೆ" ಅಂದ. ಬೆಣ್ಣೇಲಿ ಕೂದಲು ತೆಗೆದ ಹಾಗೆ ಮಾತು. ಹುಡುಗಿ ಅರಸೀಕೆರೆ ಕಡೆಯೋಳು, ಮದುವೆಯಾಗಿ ವರ್ಷ ಆಗಿರಲಿಲ್ಲ. ಏನು ಕೇಳಿದ್ರೂ ಮೊದಲು ಅವನ ಮುಖ ನೋಡೋಳು, ಆಮೇಲೆ ಉತ್ತರ ಕೊಡೋಳು. ನಾಚಿಕೆ ಸ್ವಭಾವ ಅಂದ್ರು ನಮ್ಮೆಜಮಾನ್ರು. ನಾನೂ ಹಾಗೇ ಅಂದ್ಕೊಂಡೆ.

ದೀಪಾವಳಿ ಕಳೆದು ಬಾಯ್ಲರ್ ಹಚ್ಚಿದ ಮೇಲೆ ಒಂದು ಬೆಳಿಗ್ಗೆ ಅವನು ಮೇಲೆ ಬಂದ. ಕೈಯಲ್ಲಿ ಕಾಫಿ ಕಪ್ಪು, ಮುಖದ ತುಂಬ ನಗು. "ಆಂಟಿ, ನಿಮ್ಮ ಪೈಪ್ಸ್ ತುಂಬಾ ನಾಯ್ಸ್ ಮಾಡ್ತಿದೆ. ನೆನ್ನೆ ಸಂಜೆ ಡಬ್ ಡಬ್ ಅಂತ ಒಂದೇ ಸಮ. ಏರ್ ಲಾಕ್ ಆಗಿರ್ಬೇಕು, ಸ್ವಲ್ಪ ಬ್ಲೀಡ್ ಮಾಡ್ಸಿ" ಅಂದ.

ನನಗೆ ಮೈಯೆಲ್ಲ ಉರಿದುಹೋಯ್ತು. ನನ್ನ ಮನೆ, ನನ್ನ ಪೈಪು, ವಾರದ ಹಿಂದೆ ನಾನೇ ಗಾಳಿ ತೆಗೆದಿದ್ದೀನಿ. ನೆನ್ನೆ ಮೊನ್ನೆ ಬಂದ ಹೈದ ನನಗೆ ಪಾಠ ಹೇಳ್ತಾನಲ್ಲ! ಆದ್ರೆ ಶಬ್ದ ನಾನೂ ಕೇಳಿದ್ದೆ. ಅಡುಗೆಮನೆ ರೇಡಿಯೇಟರಿನೊಳಗಿಂದ ಬಂದಿತ್ತು. ಡಬ್. ಸ್ವಲ್ಪ ಬಿಟ್ಟು ಇನ್ನೊಂದು ಡಬ್. ಕುದಿಯೋ ಸಾರು ಇಳಿಸ್ತಾ ಇದ್ದವಳು ಹಾಗೇ ನಿಂತಿದ್ದೆ.

ನನ್ನ ಕೆಲಸಕ್ಕೆ ರಜೆ ಹಾಕಿ ಆವತ್ತೇ ಮೇಲಿನ ಎರಡೂ ಮಹಡಿಯ ರೇಡಿಯೇಟರುಗಳ ಗಾಳಿ ಇನ್ನೊಂದು ಸಲ ಬಿಡಿಸಿದೆ. ಕೋಪದಲ್ಲಿ ಕೀಲಿ ಎಷ್ಟು ಜೋರಾಗಿ ತಿರುಗಿಸಿದೆ ಅಂದ್ರೆ ಮಹಡಿ ಮೇಲಿನ ಕೋಣೇಲಿ ಕರೀ ನೀರು ಚಿಮ್ಮಿ ಮುಂಗೈ ಸುಟ್ಕೊಂಡೆ. ಬೊಬ್ಬೆ ಬಂತು. ಬಾಯಿಗೆ ಬಂದ ಹಾಗೆ ಬೈದೆ, ರೇಡಿಯೇಟರಿನ ಅಪ್ಪ ಅಮ್ಮನ್ನೂ ಬಿಡಲಿಲ್ಲ. ಬಾಯ್ಲರಿಗೆ ನೀರು ತುಂಬಿಸಿ, ಒತ್ತಡ ತೋರಿಸೋ ಮುಳ್ಳು ಸರಿಯಾದ ಜಾಗಕ್ಕೆ ಬಂದ ಮೇಲೆ ಮನೆಯೆಲ್ಲ ಓಡಾಡಿ ಕಿವಿಗೊಟ್ಟು ಕೇಳಿದೆ. ಗುಳುಗುಳು ಕೂಡ ಇಲ್ಲ. ಮಲಗಿದ ಮಗು ಥರ ಇತ್ತು ಮನೆ.

ಮಾರನೇ ದಿನ ಸಂಜೆ ಮತ್ತೆ ಡಬ್. ಈ ಸಲ ಜೊತೆಗೆ ಏನೋ ಎಳೆದಾಡಿದ ಶಬ್ದ.

ಅದರ ಮಾರನೇ ಬೆಳಿಗ್ಗೆ, ನಾನು ಕೇಳೋಕೆ ಮುಂಚೇನೇ ಅವನು ಮೆಟ್ಟಿಲು ಹತ್ತಿ ಬಂದ. "ಇನ್ನೂ ಏರ್ ಇದೆ ಅನ್ಸುತ್ತೆ ಆಂಟಿ." ಅದಾದ ಮೇಲೂ ಹಾಗೇ. ಶಬ್ದ ಆದ ಬೆಳಿಗ್ಗೆ ತಪ್ಪದೆ ಹಾಜರ್. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಇವನು ಯಾರೂ ಕಳ್ಳ ಅನ್ನೋಕೆ ಮುಂಚೆನೇ ಹೆಗಲು ಒರೆಸ್ಕೊತಿದ್ದ. ಬೇಸ್‌ಮೆಂಟಿನ ರೇಡಿಯೇಟರು ಒಂದು ಉಳಿದಿದೆ, ಬಂದು ಅದನ್ನೂ ನೋಡ್ತೀನಿ ಅಂದೆ. "ನೀವ್ಯಾಕೆ ಆಂಟಿ ತೊಂದ್ರೆ ತಗೋತೀರ, ಕೀ ಕೊಡಿ, ನಾನೇ ವೀಕೆಂಡಲ್ಲಿ ಮಾಡ್ತೀನಿ" ಅಂದ. ನಮ್ಮೆಜಮಾನ್ರು ಪೇಪರಿಂದ ತಲೆ ಎತ್ತಿ, "ಎಷ್ಟು ಒಳ್ಳೇ ಹುಡುಗ ಕಣೇ" ಅಂದ್ರು.

ಕೀಲಿ ಕೊಡಲಿಲ್ಲ ನಾನು. ಅವನು ಆಫೀಸಿಗೆ ಹೋಗೋ ದಿನ ಗೊತ್ತಿತ್ತು. ಆ ದಿನ ಮಧ್ಯಾಹ್ನ ಲೋಟ, ಬಟ್ಟೆ, ಕೀಲಿ ತಗೊಂಡು ಕೆಳಗೆ ಹೋಗಿ ಬಾಗಿಲು ತಟ್ಟಿದೆ. ತುಂಬಾ ಹೊತ್ತಿನ ಮೇಲೆ ಹುಡುಗಿ ಬಾಗಿಲು ತೆಗೆದ್ಳು. ಒಳಗೆ ಸೆಖೆ ಆಗೋ ಅಷ್ಟು ಬೆಚ್ಚಗಿತ್ತು, ಆದ್ರೂ ತಲೆ ತುಂಬ ಉಲ್ಲನ್ ಟೋಪಿ ಎಳ್ಕೊಂಡಿದ್ಳು.

"ರೇಡಿಯೇಟರ್ ನೋಡ್ಬೇಕು ಮಗಾ. ನಿನ್ನ ಗಂಡ ಶಬ್ದ ಶಬ್ದ ಅಂತ ನನ್ನ ತಲೆ ತಿಂತಿದ್ದಾನೆ."

ಬೇಡ ಅನ್ನೋ ಹಾಗೆ ಬಾಯಿ ತೆರೆದ್ಳು, ಆಮೇಲೆ ಪಕ್ಕಕ್ಕೆ ಸರಿದ್ಳು. ಮಲಗೋ ಕೋಣೇಲಿ ಮಂಚದ ಪಕ್ಕ ರೇಡಿಯೇಟರು. ಮಂಡಿ ಊರಿ ಕೂತೆ. ಲೋಟ ಹಿಡಿದೆ, ಕೀಲಿ ಹಾಕಿ ತಿರುಗಿಸಿದೆ. ಉಸ್ಸ್ ಅನ್ನುತ್ತೆ ಅಂತ ಕಾದೆ. ಅನ್ನಲಿಲ್ಲ. ಕೆಮ್ಮಲೂ ಇಲ್ಲ. ತಿರುಗಿಸಿದ ಕೂಡಲೇ ನೀರು, ಒಂದೇ ಧಾರೆ, ಸುಡೋ ಅಂಥ ನೀರು. ಒಂದು ಗುಳ್ಳೆ ಗಾಳಿ ಇರಲಿಲ್ಲ ಅದರಲ್ಲಿ.

"ಇಲ್ಲಿ ಗಾಳೀನೇ ಇಲ್ಲವಲ್ಲೇ" ಅಂದೆ.

ಹಾಗಂತ ತಲೆ ಎತ್ತುವಾಗ ರೇಡಿಯೇಟರಿನ ಪಕ್ಕೆಗಳ ಸಂದಿ ಕಣ್ಣಿಗೆ ಬಿತ್ತು. ಮುಂದಿನ ಮೈ ಚೆನ್ನಾಗಿ ಒರೆಸಿದ್ರು, ಸಂದಿ ಒರೆಸೋದು ಮರೆತಿದ್ರು. ಉದ್ದ ಕೂದಲು ನಾಲ್ಕಾರು ಅಂಟ್ಕೊಂಡಿತ್ತು, ಬುಡದಲ್ಲಿ ಕಪ್ಪಗೆ ಒಣಗಿದ್ದು ಏನು ಅಂತ ಯಾರೂ ಹೇಳಬೇಕಾಗಿರಲಿಲ್ಲ. ಎದ್ದು ನಿಂತು ಅವಳ ಟೋಪಿ ಎಳೆದೆ. ಕಿವಿ ಮೇಲೆ ಒಂದು ಕಡೆ ಕೂದಲೇ ಇರಲಿಲ್ಲ. ಕಿತ್ತು ಬಂದ ಚರ್ಮ ಹಕ್ಕಳೆಗಟ್ಟಿತ್ತು. ಅದರ ಪಕ್ಕ ಇನ್ನೊಂದು ಊತ, ಹೊಸದು. ಅಯ್ಯೋ ಶಿವನೇ! ನನ್ನ ಮನೆ ಕಬ್ಬಿಣಕ್ಕೆ ಈ ಮಗುವಿನ ತಲೆ ಜಜ್ಜಿ, ಆಮೇಲೆ ಕಾಫಿ ಕುಡ್ಕೊಂಡು ಬಂದು ಏರ್ ಇದೆ ಆಂಟಿ ಅಂತಾನೆ!

"ಇವತ್ತು ಬರ್ಲಿ ಅವನು, ಚರ್ಮ ಸುಲೀತೀನಿ" ಅಂದೆ.

ಹುಡುಗಿ ನನ್ನ ಎರಡೂ ಕೈ ಹಿಡ್ಕೊಂಡ್ಳು. ಹಿಡ್ಕೊಂಡಿದ್ದೇನು, ಉಗುರು ಊರಿಬಿಟ್ಳು. "ಆಂಟಿ, ಗಾಳಿ ಇತ್ತು ಅನ್ನಿ. ಅವನು ಬಂದು ಕೇಳ್ತಾನೆ. ಗಾಳಿ ಇರಲಿಲ್ಲ ಅಂದ್ರೆ ನಿಮಗೆ ಗೊತ್ತಾಗಿದೆ ಅಂತ ಅವನಿಗೆ ಗೊತ್ತಾಗುತ್ತೆ. ನಿಮ್ಮ ಕಾಲಿಗೆ ಬೀಳ್ತೀನಿ, ತುಂಬಾ ಗಾಳಿ ಇತ್ತು ಅನ್ನಿ."

"ಪೊಲೀಸಿಗೆ ಹೇಳೋಣ ಬಾ."

"ಪೊಲೀಸ್ ಬೇಡ ಆಂಟಿ. ಇಲ್ಲಿ ನನಗೆ ಯಾರಿದ್ದಾರೆ? ನನ್ನ ಪಾಸ್‌ಪೋರ್ಟ್ ಕೂಡ ನನ್ನ ಹತ್ರ ಇಲ್ಲ."

ಸಂಜೆ ಅವನು ಬಂದ. ಬೂಟು ಕೂಡ ಬಿಚ್ಚಿರಲಿಲ್ಲ, ಕೆಳಗೆ ಹೆಂಡತಿ ಹತ್ರ ಕೇಳ್ಕೊಂಡು ನೇರ ನಮ್ಮ ಬಾಗಿಲಿಗೆ. "ಆಂಟಿ, ಇವತ್ತು ಕೆಳಗೆ ಬಂದಿದ್ರಂತೆ? ಏರ್ ಇತ್ತಾ?"

ಅವನ ಕಣ್ಣನ್ನೇ ನೋಡ್ದೆ. ಹಲ್ಲು ಬಿಗಿ ಹಿಡಿದು, "ಇತ್ತಪ್ಪ. ತುಂಬ ಇತ್ತು. ಉಸ್ಸ್ ಅಂತ ಬಂತು" ಅಂದೆ. ನನ್ನ ಜೀವಮಾನದಲ್ಲಿ ಅಂಥ ಹೇಸಿಗೆ ಮಾತು ಇನ್ನೊಂದು ಆಡಿಲ್ಲ. "ಐ ನ್ಯೂ ಇಟ್" ಅಂತ ನಕ್ಕೊಂಡು ಇಳಿದುಹೋದ.

ಬಾಗಿಲು ಹಾಕಿ ನಮ್ಮೆಜಮಾನ್ರ ಮುಂದೆ ಎಲ್ಲ ಹೇಳಿದೆ. ಅವರು ನಂಬಲಿಲ್ಲ ಅಂತಲ್ಲ. ನಂಬೋಕೆ ಇಷ್ಟ ಇರಲಿಲ್ಲ ಅವರಿಗೆ. ಬಿದ್ದಿರಬಹುದು ಅಂದ್ರು. ಹೊಸದಾಗಿ ಮದುವೆ ಆದವರು, ಹೊಂದ್ಕೊಳ್ಳೋಕೆ ಟೈಮ್ ಬೇಕು ಅಂದ್ರು. ಪೊಲೀಸಿಗೆ ಫೋನ್ ಮಾಡ್ತೀನಿ ಅಂತ ಫೋನ್ ಎತ್ಕೊಂಡೆ, ಕಿತ್ಕೊಂಡ್ರು.

"ತಲೆ ಕೆಟ್ಟಿದ್ಯಾ ನಿನಗೆ? ಒಂದು ಫೋನು, ಆ ಹುಡುಗನ ಕೆಲಸ ಹೋಯ್ತು, ಈ ದೇಶಾನೇ ಬಿಟ್ಟು ಹೋಗಬೇಕಾಗುತ್ತೆ. ನಾಳೆ ಆ ಹುಡುಗೀನೇ ಬಂದು ನಿನಗೆ ಶಾಪ ಹಾಕ್ತಾಳೆ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ ಹಿರಿಯರು ಸುಮ್ನೆ ಅಂದಿದ್ದಾರಾ?"

"ಉಂಡು ಮಲಗೋ ತನಕ ಅವಳು ಬದುಕಿದ್ರೆ ತಾನೇ ರೀ!"

ಕೈಯಲ್ಲಿದ್ದ ಪಿಂಗಾಣಿ ತಟ್ಟೆ ಗೋಡೆಗೆ ಎಸೆದೆ. ಚೂರು ಚೂರಾಯ್ತು. ಒಂದು ಚೂರು ಹಾರಿ ಅವರ ಪಾದಕ್ಕೆ ತಗುಲಿ ರಕ್ತ ಬಂತು. ಇಷ್ಟು ವರ್ಷದ ಸಂಸಾರದಲ್ಲಿ ನಾವು ಎಷ್ಟೋ ಕಿತ್ತಾಡಿದ್ದೀವಿ, ಯಾವತ್ತೂ ರಕ್ತ ಬಂದಿರಲಿಲ್ಲ. ನಾನೇ ಬಟ್ಟೆ ತಂದು ಕಟ್ಟಿದೆ.

ಕೊನೆಗೆ ಅವರು ಒಂದು ದಾರಿ ಹುಡುಕಿದ್ರು. ಎಂಥ ದಾರಿ! ನಮ್ಮ ಮಾವನವರು ಊರಲ್ಲಿ ನ್ಯಾಯ ಹೇಳೋರು. ಗಂಡ ಹೆಂಡತಿ ಜಗಳ ಬಂದ್ರೆ ಇಬ್ಬರನ್ನೂ ಮನೆಗೆ ಕರೆಸಿ, ಊಟ ಹಾಕಿ, ದೇವರ ದೀಪ ಮುಟ್ಟಿಸಿ ಆಣೆ ಮಾಡಿಸಿ ರಾಜಿ ಮಾಡಿ ಕಳಿಸೋರಂತೆ. ಆ ತೀಟೆ ಇವರಿಗೂ ಇಳಿದು ಬಂದಿದೆ. ಇಲ್ಲಿ ಕನ್ನಡದವರ ರಾಜ್ಯೋತ್ಸವದಲ್ಲಿ ಯಾರ ಡ್ಯಾನ್ಸು ಮೊದಲು ಅಂತ ಜಗಳ ಆದ್ರೂ ಇವರೇ ಪಂಚಾಯ್ತಿಗೆ. "ಭಾನುವಾರ ಇಬ್ಬರನ್ನೂ ಊಟಕ್ಕೆ ಕರಿ. ದೊಡ್ಡೋರಾಗಿ ನಾನು ಹೇಳ್ತೀನಿ. ಅವನು ಹಿರಿಯರ ಮಾತಿಗೆ ಬೆಲೆ ಕೊಡೋ ಹುಡುಗ" ಅಂದ್ರು. ಹುಡುಗಿಗೆ ಪೊಲೀಸ್ ಬೇಡ, ಇವರಿಗೂ ಬೇಡ. ನನ್ನೊಬ್ಬಳ ಕೋಪ ಹಿಡ್ಕೊಂಡು ಏನು ಮಾಡ್ಲಿ? ಬೇಳೆ ನೆನೆಸಿದೆ.

ಭಾನುವಾರ ಒಬ್ಬಟ್ಟು, ಕೋಸಂಬರಿ, ಚಿತ್ರಾನ್ನ, ಎಲ್ಲ ಮಾಡಿದೆ. ಅವನು ಮೂರು ಒಬ್ಬಟ್ಟು ತುಪ್ಪ ಸುರ್ಕೊಂಡು ತಿಂದ. ಊಟ ಆದ ಮೇಲೆ ನಮ್ಮೆಜಮಾನ್ರು ಗಂಟಲು ಸರಿ ಮಾಡ್ಕೊಂಡು ಶುರು ಮಾಡಿದ್ರು. ಸಂಸಾರ ಅಂದ್ರೇನು, ತಾಳ್ಮೆ ಅಂದ್ರೇನು, ಹೆಣ್ಣು ಮನೆಗೆ ಲಕ್ಷ್ಮಿ, ಪರದೇಶದಲ್ಲಿ ಒಬ್ಬರಿಗೊಬ್ಬರು ಆಗಬೇಕು. ಅವನು ತಲೆ ತಗ್ಗಿಸಿ ಕೇಳಿದ. ಕಣ್ಣಲ್ಲಿ ನೀರು ಕೂಡ ತಂದ್ಕೊಂಡ. "ವರ್ಕ್ ಸ್ಟ್ರೆಸ್ ಅಂಕಲ್. ಒಂದೆರಡು ಸಲ ಕೈ ಎತ್ತಿದ್ದು ನಿಜ. ಇನ್ಮೇಲೆ ಆಗೋಲ್ಲ" ಅಂದ. ದೇವರ ಮುಂದೆ ಹೋಗಿ ದೀಪ ಮುಟ್ಟಿ ಆಣೆ ಮಾಡಿದ. ನಮಗಿಬ್ಬರಿಗೂ ಉದ್ದಕ್ಕೆ ಅಡ್ಡಬಿದ್ದ. ನಾನು ಹುಡುಗಿಗೆ ಅರಿಶಿನ ಕುಂಕುಮ, ರವಿಕೆ ಕಣ, ತಾಂಬೂಲ ಕೊಟ್ಟೆ. ಅವಳು ಅವನ ಕಡೆ ನೋಡಲಿಲ್ಲ, ನಮ್ಮೆಜಮಾನ್ರ ಕಡೆ ನೋಡಿದ್ಳು, ಗಾಡಿ ಬರುವಾಗ ರಸ್ತೆ ಮಧ್ಯ ಕೈ ಬಿಟ್ಟವರನ್ನ ನೋಡೋ ಹಾಗೆ. ಆಗ ನನಗೆ ಅರ್ಥ ಆಯ್ತು. ಇವಳು ನಮಗೆ ಹೇಳಿದ್ದಾಳೆ ಅನ್ನೋದನ್ನ ನಾವೇ ಒಬ್ಬಟ್ಟು ಬಡಿಸಿ ಅವನಿಗೆ ತಿಳಿಸಿಬಿಟ್ವಿ.

ಇಬ್ಬರೂ ಕೆಳಗೆ ಹೋದ್ರು. "ನೋಡಿದ್ಯಾ, ಮಾತಲ್ಲೇ ಮುಗೀತು" ಅಂತ ನಮ್ಮೆಜಮಾನ್ರು ಎಲೆ ಅಡಿಕೆ ಹಾಕ್ಕೊಂಡ್ರು.

ನನ್ನ ಪಿತ್ತ ನೆತ್ತಿಗೇರಿತು. ಬೇಸ್‌ಮೆಂಟ್ ಮೆಟ್ಟಿಲ ತಲೆಯಲ್ಲೇ ಬಾಯ್ಲರಿನ ಸ್ವಿಚ್ಚು ಇದೆ. ಹೋಗಿ ಆಫ್ ಮಾಡಿದೆ. ಬೆಂಕಿ ಆರಿತು, ಪಂಪು ನಿಂತಿತು. ಅಡುಗೆಮನೆಗೆ ಬಂದು ರೇಡಿಯೇಟರಿನ ಪಕ್ಕ ಎರಡು ಕುರ್ಚಿ ಎಳೆದೆ.

"ಕೂತ್ಕೊಳ್ಳಿ ಇಲ್ಲಿ."

"ಏನೇ ಇದು?"

"ಬಾಯ್ಲರ್ ಆರಿಸಿದ್ದೀನಿ. ಇನ್ನು ಸ್ವಲ್ಪ ಹೊತ್ತಿಗೆ ಪೈಪೆಲ್ಲ ತಣ್ಣಗಾಗುತ್ತೆ. ನೀರು ಓಡೋಲ್ಲ, ಗಾಳಿ ಓಡೋಲ್ಲ, ಕಬ್ಬಿಣ ಹಿಗ್ಗೋಲ್ಲ ಕುಗ್ಗೋಲ್ಲ. ಆಮೇಲೆ ಶಬ್ದ ಬಂದ್ರೆ ಅದು ಏನು ಅಂತ ಇಂಜಿನಿಯರ್ ಸಾಹೇಬ್ರು ನನಗೆ ಹೇಳಬೇಕು."

ಬೈಕೊಂಡೇ ಕೂತ್ರು. ಹೊರಗೆ ಹಿಮ ಬೀಳ್ತಿತ್ತು. ಚಳಿಗಾಲದಲ್ಲಿ ಇಲ್ಲಿ ಮಧ್ಯಾಹ್ನ ಅನ್ನೋಷ್ಟರಲ್ಲಿ ಸಂಜೆ ಆಗಿಬಿಡುತ್ತೆ. ಮನೆ ನಿಧಾನಕ್ಕೆ ತಣ್ಣಗಾಯ್ತು. ಅವರು ಶಾಲು ಹೊದ್ಕೊಂಡ್ರು. "ನೋಡು, ಏನೂ ಇಲ್ಲ, ನಿನ್ನದು ಬರೀ ಅನುಮಾನ" ಅಂತ ಏಳೋಕೆ ಹೋಗಿ, ಆಸರೆಗೆ ಅಂತ ರೇಡಿಯೇಟರಿನ ಮೇಲೆ ಕೈ ಊರಿದ್ರು.

ಡಬ್.

ಅವರ ಕೈ ಅಲ್ಲೇ ಇತ್ತು. ಆ ಪೆಟ್ಟು ಕೆಳಗಿನ ಕಬ್ಬಿಣದಿಂದ ಪೈಪು ಹತ್ತಿ ಬಂದು ಅವರ ಅಂಗೈಗೆ ಬಡೀತು. ತಣ್ಣಗಿದ್ದ ಕಬ್ಬಿಣ. ಅವರು ನನ್ನ ಮುಖ ನೋಡಿದ್ರು. ಇನ್ನೊಂದು ಡಬ್. ಅದರ ಹಿಂದೆ ಒಂದು ಸಣ್ಣ ಕೂಗು, ಬಾಯಿ ಮುಚ್ಚಿದ ಕೂಗು.

ಸಮಾಧಾನದ ಮನುಷ್ಯ ಅಂದೆನಲ್ಲ, ಅವರು ಎದ್ದು ಓಡಿದ ರೀತಿ ನಾನು ಎಂದೂ ನೋಡಿರಲಿಲ್ಲ. ಕಾಲುಚೀಲದಲ್ಲೇ ಮೆಟ್ಟಿಲು ಇಳಿದ್ರು, ಜಾರಿ ಬಿದ್ರು, ಎದ್ರು. ನಾನು ಬಾಯ್ಲರ್ ಸಾಮಾನಿನ ಡಬ್ಬಿಯಿಂದ ದೊಡ್ಡ ರೆಂಚು ಎತ್ಕೊಂಡು ಹಿಂದೆ ಓಡಿದೆ. ಬಾಗಿಲಿಗೆ ಒಳಗಿಂದ ಚಿಲಕ. ಅವರು ಭುಜ ಕೊಟ್ಟು ಗುದ್ದಿದ್ರು. ನಾನು ಹಿಡಿಕೆ ಮೇಲೆ ರೆಂಚಿಂದ ಬಡಿದೆ, ಇನ್ನೊಂದು ಸಲ ಬಡಿದೆ. ಹಿಡಿಕೆ ಕಿತ್ತು ಬಿತ್ತು, ಬಾಗಿಲು ಸೀಳ್ತು.

ಅವಳ ಜಡೆ ಅವನ ಮುಷ್ಟಿಗೆ ಸುತ್ತಿತ್ತು. ಇನ್ನೊಂದು ಕೈ ಅವಳ ಬಾಯಿ ಮೇಲೆ. ಹುಬ್ಬು ಒಡೆದು ರಕ್ತ ಗಲ್ಲದ ತನಕ ಇಳಿದು ನಾನು ಕೊಟ್ಟ ರವಿಕೆ ಕಣದ ಮೇಲೆ ತೊಟ್ಟಿಕ್ಕುತ್ತಿತ್ತು. ಅವನು ನಮ್ಮನ್ನ ನೋಡಿ ಗಾಬರಿ ಆಗಲಿಲ್ಲ. ಅದೇ ನನಗೆ ಇವತ್ತಿಗೂ ತಡ್ಕೊಳ್ಳೋಕೆ ಆಗೋಲ್ಲ. ಜಡೆ ಬಿಡದೆ, ಇಂಗ್ಲಿಷಲ್ಲಿ, ತಣ್ಣಗೆ, "ನೋಟಿಸ್ ಕೊಡದೆ ಲ್ಯಾಂಡ್‌ಲಾರ್ಡ್ ಒಳಗೆ ಬರೋ ಹಾಗಿಲ್ಲ, ಇದು ಇಲ್ಲೀಗಲ್" ಅಂದ.

"ಬಿಡೋ ಅವಳನ್ನ" ಅಂತ ನಮ್ಮೆಜಮಾನ್ರು ನುಗ್ಗಿದ್ರು. ಅವನು ಜಡೆ ಬಿಟ್ಟು ಅವರ ಬಾಯಿಗೆ ಗುದ್ದಿದ. ಮುಂದಿನ ಹಲ್ಲು ಮುರಿದು ಅವರು ಮಂಚದ ಕಾಲ ಬುಡಕ್ಕೆ ಬಿದ್ರು. ಬಿದ್ದವರನ್ನ ಒದೆಯೋಕೆ ಕಾಲು ಎತ್ತಿದ. ನಾನು ರೆಂಚು ಬೀಸಿದೆ. ಮೊಣಕೈಗೆ ಬಿತ್ತು. ಒಣ ಸೌದೆ ಮುರಿದ ಹಾಗೆ ಶಬ್ದ ಆಯ್ತು. ಅವನು ಅಮ್ಮಾ ಅಂತ ಕಿರುಚಿ ಕುಸಿದ. ನನಗೆ ಸಾಕಾಗಲಿಲ್ಲ. ನಿಜ ಹೇಳ್ತೀನಿ, ಎರಡನೇ ಸಲ ಎತ್ತಿದ್ದು ತಲೆಗೇ. ಇಳಿಸಿಬಿಡ್ತಿದ್ದೆ. ಆ ಹುಡುಗಿ ಎದ್ದು ಬಂದು ನನ್ನ ಕೈಗೆ ಜೋತುಬಿದ್ಳು. "ಬೇಡ ಆಂಟಿ, ಇವನಿಗೋಸ್ಕರ ನೀವು ಜೈಲಿಗೆ ಹೋಗ್ಬೇಡಿ." ನಮ್ಮೆಜಮಾನ್ರು ಬಾಯಿ ತುಂಬ ರಕ್ತ ಇಟ್ಕೊಂಡು ತಾವೇ ಪೊಲೀಸಿಗೆ ಫೋನ್ ಮಾಡಿದ್ರು. ಹಲ್ಲು ಮುರಿದ ಬಾಯಲ್ಲಿ ವಿಳಾಸ ಹೇಳೋಕೆ ಒದ್ದಾಡಿದ್ರು, ಆದ್ರೂ ಫೋನ್ ನನ್ನ ಕೈಗೆ ಕೊಡಲಿಲ್ಲ.

ಪೊಲೀಸರು ಬರೋ ತನಕ ಅವನು ಮೆಟ್ಟಿಲ ಮೇಲೆ ಕೂತು, ಮುರಿದ ಕೈ ಮಡಿಲಲ್ಲಿ ಇಟ್ಕೊಂಡು, ಇನ್ನೊಂದು ಕೈಯಲ್ಲಿ ಬೆಂಗಳೂರಿಗೆ ಫೋನ್ ಮಾಡಿದ. ಹೆಂಡತಿಗೆ ಹುಚ್ಚು, ಮನೆ ಮಾಲೀಕರು ಸೇರ್ಕೊಂಡು ನನ್ನನ್ನ ಹೊಡೆದ್ರು ಅಂತ ಅತ್ತ. ಪೊಲೀಸ್ ಕಾರು ಬರೋಕೆ ಮುಂಚೆ ಸುದ್ದಿ ಕರ್ನಾಟಕ ಮುಟ್ಟಿತ್ತು. ಆಮೇಲೆ ಪೊಲೀಸರು ಬಂದ್ರು, ಆಂಬುಲೆನ್ಸ್ ಬಂತು, ಒಬ್ಬೊಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಿದ್ರು. ಹುಡುಗಿ ಮೊದಮೊದಲು ತಡವರಿಸಿದ್ಳು, ಆಮೇಲೆ ಮೊದಲಿಂದ ಕೊನೆ ತನಕ ಹೇಳಿದ್ಳು. ಅವನನ್ನ ಕರ್ಕೊಂಡು ಹೋದ್ರು. ರೆಂಚನ್ನ ಚೀಲಕ್ಕೆ ಹಾಕ್ಕೊಂಡು ಹೋದ್ರು.

ಅವಳ ಹುಬ್ಬಿಗೆ ಪಟ್ಟಿ ಹಾಕಿದ್ರು, ಆಸ್ಪತ್ರೆಗೆ ಹೋಗಿ ತಲೆ ಸ್ಕ್ಯಾನ್ ಮಾಡಿಸಲೇಬೇಕು ಅಂದ್ರು. ಕೋಟು ಹಾಕ್ಕೊಳ್ಳೋಕೆ ಅಂತ ಮೇಲೆ ಕರ್ಕೊಂಡು ಬಂದೆ. ಮನೆ ಮಂಜುಗಡ್ಡೆ. ಅಡುಗೆಮನೆ ಮೇಜಿನ ಮುಂದೆ ಕೂತಿದ್ದಾಗ ಅವಳ ಫೋನು ಬಡ್ಕೊಳ್ಳೋಕೆ ಶುರುವಾಯ್ತು. ಅವಳ ತಾಯಿ. ಅಲ್ಲಿ ಆಗಷ್ಟೇ ಬೆಳಗಾಗ್ತಿತ್ತು. ಹುಡುಗಿ ಅದನ್ನ ಮುಟ್ಟಲಿಲ್ಲ, ನಾನೇ ಎತ್ತಿ ಸ್ಪೀಕರಿಗೆ ಹಾಕಿ ಮೇಜಿನ ಮೇಲೆ ಇಟ್ಟೆ.

ಆ ತಾಯಿ ಮಗಳನ್ನ ಹೇಗಿದ್ದೀಯ ಅಂತ ಕೇಳಲಿಲ್ಲ. ನಾನು ಹಲೋ ಅಂದಿದ್ದೇ ತಡ, ನನ್ನ ಮೇಲೆ ಬಿದ್ರು. "ಯಾರ್ರೀ ನೀವು? ಇರೋದೊಂದು ಸಂಸಾರ, ಬೀದಿಗೆ ತಂದ್ರಲ್ಲ. ಗಂಡನ್ನ ಪೊಲೀಸಿಗೆ ಹಿಡ್ಕೊಟ್ಟು ಇವಳು ಯಾರ ಮನೇಲಿ ಇರ್ತಾಳೆ? ನಿಮ್ಮ ಸ್ವಂತ ಮಗಳಾಗಿದ್ರೆ ಹೀಗೆ ಮಾಡ್ತಿದ್ರಾ?"

"ಮಾಡ್ತಿರಲಿಲ್ಲ ಕಣ್ರೀ" ಅಂದೆ. "ನನ್ನ ಸ್ವಂತ ಮಗಳಾಗಿದ್ರೆ ಭಾನುವಾರದ ತನಕ ಕಾಯ್ತಾನೇ ಇರಲಿಲ್ಲ. ಅವತ್ತೇ ತಲೆ ಒಡೆದು ಮಲಗಿಸ್ತಿದ್ದೆ."

"ಬಾಯಿ ಮಾಡ್ಬೇಡಿ. ಅವಳಿಗೆ ಫೋನ್ ಕೊಡಿ. ಏನೋ ಕೋಪದಲ್ಲಿ ಒಂದೇಟು ಹೊಡೆದಿರ್ತಾರೆ. ನಮಗೆ ಒಂದು ಮಾತು ಹೇಳಿದ್ರೆ ನಾವು ಬುದ್ಧಿ ಹೇಳ್ತಿರಲಿಲ್ವಾ? ನಮಗೇನು ಗೊತ್ತು, ಇಷ್ಟು ದೂರದಲ್ಲಿ..."

ಹುಡುಗಿ ಫೋನನ್ನ ತನ್ನ ಕಡೆ ಎಳ್ಕೊಂಡ್ಳು.

"ಅಮ್ಮಾ, ಹೋದ ವಾರ ನಿನ್ನ ಜೊತೆ ಮಾತಾಡ್ತಾ ಇದ್ದಾಗಲೇ ಹೊಡೆದ. ಫೋನ್ ಕೆಳಗೆ ಬಿತ್ತು, ಕಟ್ ಆಗಲಿಲ್ಲ. ನಾನು ಅಮ್ಮಾ ಅಂತ ಕೂಗಿದೆ."

ಹುಡುಗಿ ಫೋನಿನ ಮೇಲೆ ಬಗ್ಗಿದ್ಳು.

"ನಾನು ಫೋನ್ ಎತ್ಕೊಂಡಾಗ ನೀನು ಲೈನಲ್ಲೇ ಇದ್ದೆ. ಎಲ್ಲ ಕೇಳಿಸ್ಕೊಂಡಿದ್ದೆ. ಕೇಳಿಸ್ಕೊಂಡು, ಇವತ್ತು ಏನು ಅಡುಗೆ ಮಾಡಿದ್ಯೇ ಅಂತ ಕೇಳಿದೆ."

ಇಲ್ಲ ಅಂತ ಆ ತಾಯಿ ಅನ್ನಲಿಲ್ಲ. ಉಸಿರಾಡೋದು ಮಾತ್ರ ಕೇಳಿಸ್ತಿತ್ತು. ಹುಡುಗಿ ಅದನ್ನ ಸ್ವಲ್ಪ ಹೊತ್ತು ಕೇಳಿದ್ಳು, ಆಮೇಲೆ ತಾನೇ ಫೋನ್ ಇಟ್ಟು ಕೋಟಿಗೆ ಕೈ ಹಾಕಿದ್ಳು.